ಒಂದೇ ಮುಹೂರ್ತ, ಮೂರು ಟರ್ಮಿನಲ್ಲು

ಒಂದು ಜಾಗಕ್ಕೆ ಇಬ್ಬರು ಒಟ್ಟಿಗೆ ಕೈ ಹಾಕುವುದು ನಮ್ಮೂರಿನಲ್ಲಿ ದಿನಾ ನಡೆಯುವ ಸಂಗತಿ. ಮಾಗಡಿ ರೋಡಿನ ಬಸ್ಸಿಗೆ ಒಂದು ಕಿಟಕಿಯಿಂದ ಒಬ್ಬರು ಕರ್ಚೀಫು ಎಸೆದರೆ, ಇನ್ನೊಂದು ಕಿಟಕಿಯಿಂದ ಇನ್ನೊಬ್ಬರು ಅದೇ ಸೀಟಿಗೆ ಟಿಫನ್ ಬ್ಯಾಗು ಎಸೆಯುತ್ತಾರೆ. ಅಲ್ಲಾದರೆ ಜಗಳವಾಡಿ ಮುಗಿಸಬಹುದು. ಅದೇ ಕೆಲಸ ಕಂಪ್ಯೂಟರಿನೊಳಗೆ ನಡೆದರೆ ಯಾರಿಗೂ ಯಾರ ಮುಖವೂ ಕಾಣುವುದಿಲ್ಲ. ಕೊನೆಗೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಎಂಬತ್ತರ ದಶಕದ ಕೊನೆಯಲ್ಲಿ ನಾನು ಮಾಡುತ್ತಿದ್ದ ಕೆಲಸ ಅಂಥದ್ದು.

ವಿಜಯನಗರದಲ್ಲಿ ಒಂದು ಫ್ಲೋರ್ ಮಿಲ್ಲಿನ ಮಹಡಿ ಮೇಲೆ ನಮ್ಮ ಸಾಫ್ಟ್‌ವೇರ್ ಕಂಪನಿ ಇತ್ತು. ಕಂಪನಿ ಅಂದರೆ ನಮ್ಮ ಬಾಸು, ನಾನು, ಒಂದು ಟೆಲಿಫೋನು. ನಮಗಿದ್ದ ದೊಡ್ಡ ಗಿರಾಕಿ ಒಬ್ಬರೇ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮೂರೂ ಕಡೆ ಮದುವೆ ಛತ್ರ ಇಟ್ಟುಕೊಂಡಿದ್ದ ಯಜಮಾನರು. ಮೂರಕ್ಕೂ ಸೇರಿ ಬುಕಿಂಗ್ ಆಫೀಸು ರಾಜಾಜಿನಗರದ ಛತ್ರದ ಮುಂಭಾಗದಲ್ಲಿತ್ತು. ಒಳಗೊಂದು ಎ.ಸಿ. ರೂಮಿನಲ್ಲಿ ಮಷೀನು, ಹೊರಗೆ ಮೂರು ಕೌಂಟರಿಗೆ ಮೂರು ಟರ್ಮಿನಲ್ಲು. ಮಷೀನು ನೋಡಲು ಬಂದವರು ದೇವರ ಕೋಣೆಗೆ ಬಂದ ಹಾಗೆ ಚಪ್ಪಲಿ ಬಿಟ್ಟು ಬರುತ್ತಿದ್ದರು. ಒಂದನೇ ಕೌಂಟರಿನಲ್ಲಿ ಕೂರುತ್ತಿದ್ದವರು ಹೆಡ್ ಕ್ಲಾರ್ಕ್ ಆಂಟಿ. ಅವರಿಗೆ ನನ್ನ ಮೇಲೆ ಪ್ರೀತಿ ಇತ್ತು, ನನ್ನ ಮಷೀನಿನ ಮೇಲೆ ಇರಲಿಲ್ಲ.

ಆಗ ರಿಲೇಷನಲ್ ಡೇಟಾಬೇಸ್ ಅನ್ನುವುದೇ ಹೊಸದು. ನಾನು ಅದನ್ನು ಕಲಿತದ್ದು ಇಟ್ಟಿಗೆಯಷ್ಟು ದಪ್ಪದ ಒಂದು ಮ್ಯಾನುಯಲ್ಲಿನಿಂದ. ಒಂದು ಬುಕಿಂಗ್ ಶುರು ಮಾಡಿ, ಕೊನೆಗೆ ಖಾಯಂ ಮಾಡುವ ಕೀ ಒತ್ತುವವರೆಗಿನ ಕೆಲಸವೆಲ್ಲ ಒಂದೇ ಗಂಟು. ಅದಕ್ಕೆ ಟ್ರಾನ್ಸಾಕ್ಷನ್ ಅಂತ ಹೆಸರು. ಒಬ್ಬರು ತಮ್ಮ ಗಂಟು ಕಟ್ಟುತ್ತಿರುವಾಗ ಪಕ್ಕದ ಕೌಂಟರಿನವರಿಗೆ ಅದರೊಳಗೆ ಎಷ್ಟು ಕಾಣಿಸಬೇಕು, ಎಷ್ಟು ಕಾಣಿಸಬಾರದು ಅನ್ನುವುದಕ್ಕೆ ಐಸೊಲೇಷನ್ ಲೆವೆಲ್ ಅಂತ ಹೆಸರು. ಇದು ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ. ಮಷೀನು ಮಾರಿದವರು ನಮ್ಮದನ್ನು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಇಟ್ಟು ಹೋಗಿದ್ದರು. ಹಾಗಿಟ್ಟರೆ ಬೇಗ ಓಡುತ್ತೆ ಅಂತ. ಓಡಿತು ಕೂಡ.

೧. ಕೊಳಕು ಓದು

ಮೊದಲ ಮದುವೆ ಸೀಸನ್ನು. ಒಂದನೇ ಕೌಂಟರಿಗೆ ಬಂದ ಒಂದು ಕುಟುಂಬ, ಒಳ್ಳೇ ಮುಹೂರ್ತವಿದ್ದ ಒಂದು ಭಾನುವಾರಕ್ಕೆ ಬಸವೇಶ್ವರನಗರದ ಛತ್ರ ಕೇಳಿತು. ಆಂಟಿ ಎಲ್ಲ ತುಂಬಿದರು. ಇನ್ನೇನು ಖಾಯಂ ಕೀ ಒತ್ತಬೇಕು, ಅಷ್ಟರಲ್ಲಿ ಹುಡುಗಿಯ ಸೋದರಮಾವ ಅಡುಗೆಮನೆ ಯಾವ ದಿಕ್ಕಿಗಿದೆ ಅಂತ ತಕರಾರು ತೆಗೆದರು. ದಿಕ್ಕಿನ ಚರ್ಚೆ ನಡೆಯಿತು. ಆಂಟಿ ಬೆರಳನ್ನು ಕೀ ಮೇಲೆ ಇಟ್ಟುಕೊಂಡೇ ಕೂತಿದ್ದರು.

ಅದೇ ಹೊತ್ತಿಗೆ ಎರಡನೇ ಕೌಂಟರಿಗೆ ಒಬ್ಬ ಹೈಸ್ಕೂಲ್ ಮೇಷ್ಟ್ರು ಬಂದು ಅದೇ ದಿನ, ಅದೇ ಛತ್ರ ಕೇಳಿದರು. ಸ್ಕ್ರೀನು ಬುಕ್ ಆಗಿದೆ ಅಂದಿತು. ಮಗಳ ಮದುವೆ, ಜಾತಕದ ಪ್ರಕಾರ ಅದೊಂದೇ ದಿನ ಅಂತೆ. ಮೆಟ್ಟಿಲ ಹತ್ತಿರ ನಾನು ಸಿಕ್ಕಿದೆ. ಕಂಪ್ಯೂಟರಿನವಳು ನಾನೇ ಅಂತ ಯಾರೋ ತೋರಿಸಿದ್ದರು.

"ಕಂಪ್ಯೂಟರ್ ಸುಳ್ಳು ಹೇಳಲ್ಲ ಅಲ್ವಾಮ್ಮ?" ಅಂತ ಕೇಳಿದರು.

"ಇಲ್ಲ ಸಾರ್, ಹೇಳಲ್ಲ," ಅಂದೆ. ಅವರು ತಲೆಯಾಡಿಸಿಕೊಂಡು ಬಸ್ ಸ್ಟಾಪಿಗೆ ಹೋದರು.

ಅವರು ಹೋದ ಮೇಲೆ ಸೋದರಮಾವನ ದಿಕ್ಕು ಗೆದ್ದಿತು. ಆ ಕುಟುಂಬ ಬೇಡ ಅಂದಿತು, ಆಂಟಿ ಕ್ಯಾನ್ಸಲ್ ಕೀ ಒತ್ತಿದರು. ಛತ್ರ ಖಾಲಿ ಉಳಿಯಿತು. ಮುಂದಿನ ವಾರ ಯಜಮಾನರು ಫೋನ್ ಮಾಡಿ, ಆ ಭಾನುವಾರಕ್ಕೆ ಊರಿನ ಶಾಲೆ ಕೊಠಡಿಗಳೂ ಮದುವೆಗೆ ಹೋಗಿವೆ, ನನ್ನ ಛತ್ರ ಮಾತ್ರ ಯಾಕೆ ಖಾಲಿ ಅಂತ ಕೇಳಿದರು. ಮೇಷ್ಟ್ರು ತಲೆಯಾಡಿಸಿದ್ದೇ ಕಣ್ಣಮುಂದೆ ಬಂತು. ಮ್ಯಾನುಯಲ್ ತೆಗೆದು ಓದಿದರೆ, ಇನ್ನೂ ಖಾಯಂ ಆಗದ್ದನ್ನು ಬೇರೆಯವರು ಓದಿ ನಂಬುವುದಕ್ಕೆ ಡರ್ಟಿ ರೀಡ್ ಅಂತಾರೆ ಅಂತ ಬರೆದಿತ್ತು. ಕೂಡಲೇ ಯಜಮಾನರಿಗೆ ಫೋನ್ ಮಾಡಿ, ಡರ್ಟಿ ರೀಡ್ ಆಗಿದೆ ಸಾರ್, ಸರಿ ಮಾಡ್ತೀನಿ ಅಂದೆ.

ಮಾರನೇ ದಿನ ನಾನು ಹೋಗುವಷ್ಟರಲ್ಲಿ ಅವರೇ ಸರಿ ಮಾಡಿಸಿದ್ದರು. ಮೂರೂ ಟರ್ಮಿನಲ್ಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದೊಂದಕ್ಕೂ ಕುಂಕುಮ ಇಟ್ಟಿದ್ದರು.

ಲೆವೆಲ್ಲನ್ನು ಒಂದು ಮೆಟ್ಟಿಲು ಏರಿಸಿ, ಸಂಜೆ ಮೇಷ್ಟ್ರ ಮನೆ ಹುಡುಕಿಕೊಂಡು ಹೋದೆ. ಛತ್ರ ಖಾಲಿಯೇ ಇದೆ ಸಾರ್, ಅವತ್ತು ತಪ್ಪಾಗಿ ತೋರಿಸಿತು ಅಂದೆ. ಬೈಯುತ್ತಾರೆ ಅಂತ ಕಾದೆ. ಅವರು ಒಳಗೆ ಕರೆದು ಕಾಫಿ ಕೊಡಿಸಿದರು. ಕೆಂಗೇರಿಯಲ್ಲಿ ಆಗಲೇ ಬೇರೆ ಛತ್ರ ಮಾತಾಡಿ ಆಗಿತ್ತಂತೆ. ಕೆಂಗೇರಿ ಅಂದರೆ ಆಗ ಊರಾಚೆ. ಅಷ್ಟು ದೂರ ಯಾಕೆ ಸಾರ್ ಅಂತ ಕೇಳಿದೆ.

"ಅಲ್ಲಿ ಕಂಪ್ಯೂಟರ್ ಇಲ್ವಲ್ಲಮ್ಮ, ಧೈರ್ಯವಾಗಿ ಬುಕ್ ಮಾಡ್ದೆ," ಅಂದರು.

೨. ಈಗ ಇತ್ತು, ಈಗ ಇಲ್ಲ

ಹೊಸ ಮೆಟ್ಟಿಲಿಗೆ ಕಮಿಟೆಡ್ ರೀಡ್ ಅಂತ ಹೆಸರು. ಖಾಯಂ ಆದದ್ದು ಮಾತ್ರ ಕಾಣುತ್ತೆ. ಸರಿಹೋಯಿತು ಅಂದುಕೊಂಡೆ. ಆದರೆ ನಾನು ಒಮ್ಮೆ ನೋಡಿ, ಇನ್ನೊಮ್ಮೆ ನೋಡುವುದರೊಳಗೆ ಬೇರೆಯವರು ಖಾಯಂ ಮಾಡಿಕೊಂಡರೆ, ಎರಡನೇ ಸಲ ಕಾಣುವುದೇ ಬೇರೆ. ಇದನ್ನೂ ಮ್ಯಾನುಯಲ್ಲು ಮುಂದಿನ ಪುಟದಲ್ಲೇ ಬರೆದಿತ್ತು. ನಾನು ಆ ಪುಟಕ್ಕೆ ಇನ್ನೂ ಬಂದಿರಲಿಲ್ಲ.

ಒಂದು ಬೆಳಿಗ್ಗೆ ಆಫೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎರಡನೇ ಕೌಂಟರಿನಲ್ಲಿ ಹುಡುಗಿಯ ಅಪ್ಪ ಒಬ್ಬರು ಒಂದು ಶುಕ್ರವಾರಕ್ಕೆ ರಾಜಾಜಿನಗರದ ಛತ್ರ ಕೇಳಿದರು. ಖಾಲಿ ಇತ್ತು. ಮನೆಯವರನ್ನ ಒಂದು ಮಾತು ಕೇಳಿ ಬರ್ತೀನಿ ಅಂತ ಹೊರಗೆ ಬೆಂಚಿನ ಮೇಲೆ ಕೂತಿದ್ದ ಹೆಂಡತಿಯ ಹತ್ತಿರ ಹೋದರು. ಆಕೆ ಊಟದ ಮನೆ ಎಷ್ಟು ದೊಡ್ಡದು ಅಂದರು, ಅವರು ಬಂದು ನೋಡಿಕೊಂಡು ಹೋಗಿ ಹೇಳಿದರು. ಕೊನೆಗೆ ಒಪ್ಪಿಗೆ ಆಯಿತು. ಕ್ಲಾರ್ಕು ಖಾಯಂ ಕೀ ಒತ್ತಿದರೆ ಬುಕ್ ಆಗಿದೆ ಅಂತ ಬಂತು.

ನನ್ನನ್ನು ಎ.ಸಿ. ರೂಮಿನಿಂದ ಕರೆದರು. ಆ ಮನುಷ್ಯ, ನಾನೇ ಕಣ್ಣಾರೆ ನೋಡಿದೀನಿ, ಖಾಲಿ ಇತ್ತು ಅಂತ ಅದನ್ನೇ ಹೇಳುತ್ತಿದ್ದರು. ಗಂಡಿನ ಕಡೆಯವರು ಬಹಳ ಬಿಗಿ ಜನವಂತೆ, ಅದರಲ್ಲೂ ಹುಡುಗನ ಸೋದರಮಾವ. ಮನೆಗೆ ಹತ್ತಿರ ಒಳ್ಳೇ ಛತ್ರ ಆಗದಿದ್ದರೆ ಮಾತುಕತೆ ಮುಂದುವರಿಸಲ್ಲ ಅಂದಿದ್ದರಂತೆ. ಒಂದು ಹುಡುಗಿಯ ಮದುವೆ ನನ್ನ ಒಂದು ಮೆಟ್ಟಿಲಿನಿಂದ ಮುರಿಯುತ್ತಾ ಅಂತ ಅನ್ನಿಸಿತು. ಅವರು ಆ ಛತ್ರ ಕಸಿದುಕೊಂಡವನು ಯಾರೋ ಅವನ ವಂಶವನ್ನೆಲ್ಲ ಸೇರಿಸಿ ಬೈಯತೊಡಗಿದರು.

ಮೂರನೇ ಕೌಂಟರಿನಲ್ಲಿ ಕೇಳಿದೆ. ಈಗ ತಾನೇ ಖಾಯಂ ಮಾಡಿಸಿದವರು ಹೊರಗೆ ಹೂಜಿ ಹತ್ತಿರ ನೀರು ಕುಡಿಯುತ್ತಿದ್ದಾರೆ ಅಂದರು. ಕಾಲು ಹಿಡಿದಾದರೂ ಬೇರೆ ದಿನಕ್ಕೆ ಒಪ್ಪಿಸೋಣ ಅಂತ ನಾವಿಬ್ಬರೂ ಹೋದೆವು. ಛತ್ರಿ ಕಂಕುಳಲ್ಲಿ ಸಿಕ್ಕಿಸಿಕೊಂಡು ನೀರು ಕುಡಿಯುತ್ತಿದ್ದವರು ತಿರುಗಿದರು. ಹುಡುಗಿಯ ಅಪ್ಪ ಅಲ್ಲೇ ನಿಂತರು.

"ಬೀಗರೇ, ನೀವಾ?"

ಆತ ಹುಡುಗನ ಸೋದರಮಾವ. ಈ ಅಪ್ಪ ನಿಧಾನದ ಮನುಷ್ಯ, ಎಲ್ಲಕ್ಕೂ ಹೆಂಡತಿಯನ್ನು ಕೇಳುತ್ತಾರೆ, ಇವರನ್ನು ನಂಬಿದರೆ ಛತ್ರ ಸಿಗಲ್ಲ ಅಂತ ಅದೇ ಮದುವೆಗೆ, ಅದೇ ಛತ್ರವನ್ನು ತಾವೇ ಬಂದು ಹಿಡಿದಿದ್ದರು. ನನಗೆ ಹೋದ ಜೀವ ಬಂತು. ಅಪ್ಪ ಮಾತ್ರ ಬೆವರು ಒರೆಸಿಕೊಂಡು, ಇಷ್ಟೊತ್ತು ಏನೇನೋ ಅಂದುಬಿಟ್ಟೆ, ನೀವು ಅಂತ ಗೊತ್ತಿರಲಿಲ್ಲ ಅಂತ ಕೈ ಮುಗಿದರು.

ಬೆಂಚಿನಿಂದ ಅವರ ಹೆಂಡತಿ ನಿಧಾನವಾಗಿ, "ಗೊತ್ತಿದ್ದಿದ್ರೆ ಇನ್ನೂ ಸ್ವಲ್ಪ ಬೈತಾ ಇದ್ರು," ಅಂದರು.

೩. ಆಂಟಿ ಊಟಕ್ಕೆ ಹೋದಾಗ

ನಾನು ಹೆದರಿ ಇನ್ನೊಂದು ಮೆಟ್ಟಿಲು ಏರಿಸಿದೆ. ಇದಕ್ಕೆ ರಿಪೀಟಬಲ್ ರೀಡ್ ಅಂತ ಹೆಸರು. ನೀವು ಓದಿದ ಸಾಲುಗಳನ್ನು ನಿಮ್ಮ ಕೆಲಸ ಮುಗಿಯುವವರೆಗೆ ಬೇರೆ ಯಾರೂ ಬದಲಾಯಿಸದ ಹಾಗೆ ಮಷೀನು ಹಿಡಿದಿಡುತ್ತೆ. ಕೇಳಲು ಎಷ್ಟು ಚೆನ್ನಾಗಿದೆ.

ಒಂದು ಮಧ್ಯಾಹ್ನ ಫೋನು. ಯಾವ ಕೌಂಟರಿನಲ್ಲೂ ಬುಕಿಂಗ್ ಆಗುತ್ತಿಲ್ಲ, ಸ್ಕ್ರೀನು ಸುಮ್ಮನೆ ನಿಂತಿದೆ, ಜನ ಕೂಗಾಡುತ್ತಿದ್ದಾರೆ. ಮಷೀನು ಸತ್ತಿತು ಅಂದುಕೊಂಡೆ. ಅಷ್ಟು ದೊಡ್ಡ ಸಾಮಾನು ನನ್ನ ಕೈಯಲ್ಲಿ ಸತ್ತರೆ ಮನೆಯಲ್ಲಿ ಏನು ಹೇಳುವುದು ಅಂತ ಯೋಚಿಸುತ್ತಾ ಬಸ್ಸಿನಲ್ಲಿ ನಿಂತೇ ಹೋದೆ. ಸೀಟು ಖಾಲಿಯಿದ್ದದ್ದು ಇಳಿದ ಮೇಲೆ ನೆನಪಾಯಿತು.

ಮಷೀನು ಚೆನ್ನಾಗಿಯೇ ಇತ್ತು. ಒಂದನೇ ಕೌಂಟರಿನಲ್ಲಿ ಯಾರೋ ವಯಸ್ಸಾದ ದಂಪತಿ ಸೀಸನ್ನಿನ ಎಲ್ಲ ದಿನಗಳನ್ನೂ ಒಂದ್ಸಲ ತೋರಿಸಮ್ಮ ಅಂದಿದ್ದರು. ಆಂಟಿ ತೋರಿಸಿದ್ದರು. ದಂಪತಿ ಹೋದರು. ಆಂಟಿ ಸ್ಕ್ರೀನು ಹಾಗೇ ಬಿಟ್ಟು, ಛತ್ರದ ಹಿಂದಿನ ಬೀದಿಯಲ್ಲಿದ್ದ ತಮ್ಮ ಮನೆಗೆ ಊಟಕ್ಕೆ ಹೋಗಿದ್ದರು. ಅವರು ಓದಿದ್ದ ಅಷ್ಟೂ ಸಾಲುಗಳನ್ನು ಮಷೀನು ಭಕ್ತಿಯಿಂದ ಹಿಡಿದುಕೊಂಡು ಕೂತಿತ್ತು. ಆಂಟಿ ಮಜ್ಜಿಗೆ ಅನ್ನಕ್ಕೆ ಬರುವ ಹೊತ್ತಿಗೆ ಮೂರು ಬಡಾವಣೆಗಳಲ್ಲಿ ಮದುವೆ ನಿಂತುಹೋಗಿತ್ತು.

ಸಂಜೆ ಅವರನ್ನು ಪಕ್ಕಕ್ಕೆ ಕರೆದು, ನೀವು ಸ್ಕ್ರೀನ್ ಮುಚ್ಚದೆ ಎದ್ದರೆ ಉಳಿದವರು ಯಾರೂ ಕೆಲಸ ಮಾಡಕ್ಕಾಗಲ್ಲ ಅಂತ ಮೆಲ್ಲಗೆ ವಿವರಿಸಿದೆ. ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಭಯವಿತ್ತು. ಅವರು ಎರಡು ಸಲ ಕೇಳಿಸಿಕೊಂಡರು.

"ಅಂದ್ರೆ ನಾನು ಎದ್ದು ಹೋದ್ರೆ ಇಡೀ ಆಫೀಸೇ ನಿಲ್ಲುತ್ತೆ ಅಂತಾಯ್ತು. ಇದನ್ನ ಒಂದ್ಸಲ ನಮ್ಮನೆಯವರ ಮುಂದೆ ಬಂದು ಹೇಳ್ತೀಯಾಮ್ಮ?"

೪. ನೀವು ಬಿಡಿ, ನೀವು ಬಿಡಿ

ಛತ್ರದ ಜೊತೆಗೆ ಅಡುಗೆಯವರನ್ನೂ ಅದೇ ಕೌಂಟರಿನಲ್ಲಿ ಗೊತ್ತು ಮಾಡಬಹುದಿತ್ತು. ಅವರಲ್ಲಿ ಒಬ್ಬ ಭಟ್ಟರ ಹೋಳಿಗೆಗೆ ಬಹಳ ಹೆಸರು. ಗಂಡಿನ ಕಡೆಯವರು ಹುಡುಗಿಯನ್ನು ನೋಡುವ ಮೊದಲೇ ಆ ಭಟ್ಟರು ಸಿಗ್ತಾರಾ ಅಂತ ಕೇಳುತ್ತಿದ್ದರಂತೆ.

ಆ ದಿನ ಒಂದನೇ ಕೌಂಟರಿಗೆ ಬಂದ ಹುಡುಗಿಯ ಅಪ್ಪ ಒಬ್ಬರು ವಿಜಯನಗರದ ಛತ್ರ ಹಿಡಿದು ನಂತರ ಭಟ್ಟರನ್ನು ಕೇಳಿದರು. ಎರಡನೇ ಕೌಂಟರಿನಲ್ಲಿ ಇನ್ನೊಬ್ಬ ಅಪ್ಪ ಮೊದಲೇ ಭಟ್ಟರನ್ನು ಹಿಡಿದು ನಂತರ ಅದೇ ದಿನಕ್ಕೆ ಅದೇ ಛತ್ರ ಕೇಳಿದರು. ಒಬ್ಬರ ಕೈಯಲ್ಲಿ ಛತ್ರ, ಇನ್ನೊಬ್ಬರ ಕೈಯಲ್ಲಿ ಭಟ್ಟರು. ಇವರು ಬಿಡಲಿ ಅಂತ ಅವರ ಸ್ಕ್ರೀನು, ಅವರು ಬಿಡಲಿ ಅಂತ ಇವರ ಸ್ಕ್ರೀನು. ಎರಡೂ ಅಲ್ಲಾಡಲಿಲ್ಲ. ಇಂಥ ಹೊತ್ತಿನಲ್ಲಿ ಮಷೀನೇ ಒಬ್ಬರನ್ನು ಹಿಂದಕ್ಕೆ ಕಳಿಸುತ್ತೆ ಅಂತ ಮ್ಯಾನುಯಲ್ಲಿನಲ್ಲಿತ್ತು. ನಮ್ಮ ಮಷೀನಿಗೆ ಅಷ್ಟು ನಿಷ್ಠುರ ಗೊತ್ತಿರಲಿಲ್ಲ, ಅದೂ ಕಾಯುತ್ತಾ ಕೂತಿತು.

ನಾನು ಹೋಗಿ, ಇಬ್ಬರಲ್ಲಿ ಒಬ್ಬರು ಕ್ಯಾನ್ಸಲ್ ಮಾಡಿದರೆ ಇನ್ನೊಬ್ಬರದ್ದು ಕೂಡಲೇ ಆಗುತ್ತೆ ಅಂದೆ. ಹಾಗಂದದ್ದೇ ತಪ್ಪಾಯಿತು. ಇಬ್ಬರು ಅಪ್ಪಂದಿರೂ ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡರು. ನಮ್ಮ ತಾತನಿಗೆ ಮೆಟ್ಟಿಲು ಹತ್ತಕ್ಕಾಗಲ್ಲ, ವಿಜಯನಗರದ ಛತ್ರವೇ ಬೇಕು ಅಂತ ಒಬ್ಬರು. ಬೀಗರಿಗೆ ಭಟ್ಟರ ಹೋಳಿಗೆ ಅಂತ ಮಾತು ಕೊಟ್ಟಿದೀನಿ ಅಂತ ಇನ್ನೊಬ್ಬರು. ಮೂರನೇ ಕೌಂಟರಿನ ಕ್ಯೂನಲ್ಲಿದ್ದವರು ಎರಡು ಪಕ್ಷವಾಗಿ ಸಲಹೆ ಕೊಡತೊಡಗಿದರು. ಯಜಮಾನರು ಬಂದು, ಯಾರನ್ನ ಕಳಿಸಿದ್ರೂ ನನ್ನ ಹೆಸರು ಕೆಡುತ್ತೆ, ನೀನೇ ನೋಡ್ಕೋ ಅಂತ ನನ್ನ ಕಿವಿಯಲ್ಲಿ ಹೇಳಿ ಹೊರಟುಹೋದರು.

ಹೊತ್ತು ಹೋಯಿತು. ಇಬ್ಬರಿಗೂ ಕಾಫಿ ಬೇಕಾಯಿತು. ಆದರೆ ಒಬ್ಬರನ್ನು ಬಿಟ್ಟು ಒಬ್ಬರು ಹೋಗುವ ಹಾಗಿರಲಿಲ್ಲ. ಕೊನೆಗೆ ಒಬ್ಬರ ಪಕ್ಕ ಒಬ್ಬರು ನಡೆದುಕೊಂಡು, ಇಬ್ಬರೂ ಎದುರಿನ ಹೋಟೆಲಿಗೆ ಹೋದರು. ಅವರು ಹೋದ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು.

ಕರೆಂಟು ಬಂದು, ಮಷೀನು ಎದ್ದು, ಅರ್ಧಂಬರ್ಧ ಇದ್ದ ಕೆಲಸಗಳನ್ನೆಲ್ಲ ಅಳಿಸಿ ಹಾಕಿತು. ಹಾಗೆ ಮಾಡಬೇಕಾದದ್ದೇ ಅದರ ಧರ್ಮ. ಛತ್ರವೂ ಬಿಡುಗಡೆ, ಭಟ್ಟರೂ ಬಿಡುಗಡೆ. ಆಗ ಮೂರನೇ ಕೌಂಟರಿನ ಮುಂದೆ ಬೆಳಿಗ್ಗೆಯಿಂದ ತೆಪ್ಪಗೆ ನಿಂತಿದ್ದ ಒಬ್ಬ ಮದುಮಗ, ವಿಜಯನಗರದ ಛತ್ರ ಆ ದಿನಕ್ಕೆ ಇದೆಯಾ ಅಂದ. ಇದೆ ಅಂದರು. ಭಟ್ಟರು? ಅವರೂ ಇದ್ದಾರೆ. ಕ್ಲಾರ್ಕು ನಿಯಮದ ಪ್ರಕಾರ ಖಾಯಂ ಮಾಡಿಯೇಬಿಟ್ಟ. ಅಪ್ಪಂದಿರು ಬಾಯಿ ಒರೆಸಿಕೊಂಡು ಬಾಗಿಲಿಗೆ ಬಂದಾಗ ನಾನು ಕಂಬದ ಹಿಂದೆ ನಿಂತಿದ್ದೆ. ಅವರು ಮದುಮಗನನ್ನು ಹಿಡಿದು, ನೀನು ಎಲ್ಲಿಂದ ಬಂದೆಯಪ್ಪಾ ಅಂದರು.

"ಛತ್ರದಲ್ಲಿ ಜನರೇಟರ್ ಇದೆಯಾ ಅಂತ ಕೇಳೋಕೆ ಬಂದಿದ್ದೆ ಸಾರ್. ಇಲ್ಲ ಅಂತ ಗೊತ್ತಾಯ್ತು. ಆದ್ರೂ ಪರವಾಗಿಲ್ಲ ಅಂತ ಬುಕ್ ಮಾಡ್ದೆ."

೫. ವಿಜಯನಗರದ ದೆವ್ವ

ಈ ಪ್ರಸಂಗ ನಡೆದಾಗ ನನ್ನ ಕೆಲಸ ಹೋಯಿತು ಅಂತಲೇ ಅಂದುಕೊಂಡಿದ್ದೆ.

ಯಜಮಾನರಿಗೆ ಪ್ರತಿ ವಾರವೂ ಮೂರು ಛತ್ರಕ್ಕೂ ಕುರ್ಚಿ, ಪಾತ್ರೆ ಕಳಿಸಲು ಎಷ್ಟು ಮದುವೆ ಇದೆ ಅಂತ ರಿಪೋರ್ಟು ಬೇಕಿತ್ತು. ಮಷೀನು ಮೊದಲು ಎಣಿಸಿ ಮೇಲ್ಗಡೆ ಒಟ್ಟು ಹಾಕುತ್ತಿತ್ತು, ಆಮೇಲೆ ಕೆಳಗೆ ಒಂದೊಂದಾಗಿ ಹೆಸರು ಬರೆಯುತ್ತಿತ್ತು. ಒಂದು ದಿನ ಆಂಟಿ ಫೋನ್ ಮಾಡಿ, ಮೇಲೆ ಐದು ಅಂತಿದೆ, ಕೆಳಗೆ ಆರು ಮದುವೆ ಬಂದಿದೆ, ಆರನೆಯದು ವಿಜಯನಗರದ ಛತ್ರದ್ದು ಅಂದರು. ನಾನು ಅಷ್ಟು ಹೊತ್ತಿಗೆ ಮ್ಯಾನುಯಲ್ಲನ್ನು ಕೊನೆಯವರೆಗೂ ಓದಿದ್ದೆ. ನಮ್ಮ ಲೆವೆಲ್ಲು ಈಗಾಗಲೇ ಓದಿದ ಸಾಲುಗಳನ್ನು ಹಿಡಿದಿಡುತ್ತಿತ್ತೇ ಹೊರತು, ಹೊಸದಾಗಿ ಬಂದು ಸೇರುವ ಸಾಲನ್ನು ತಡೆಯುತ್ತಿರಲಿಲ್ಲ. ಎಣಿಸಿ, ಮತ್ತೆ ಪಟ್ಟಿ ಮಾಡುವುದರೊಳಗೆ ಪಕ್ಕದ ಕೌಂಟರಿನಲ್ಲಿ ಒಂದು ಮದುವೆ ಖಾಯಂ ಆಗಿತ್ತು. ಹೀಗೆ ಬರುವ ಸಾಲಿಗೆ ಫ್ಯಾಂಟಮ್ ಅಂತ ಹೆಸರು.

ನಮ್ಮ ಕೆಳಗೆ ಫ್ಲೋರ್ ಮಿಲ್ಲು ಓಡುತ್ತಿತ್ತು, ಲೈನು ಕರಕರ ಅನ್ನುತ್ತಿತ್ತು. ಫ್ಯಾಂಟಮ್ ಆಂಟಿ ಅಂದೆ. ಕೇಳಿಸಲಿಲ್ಲ. ಮತ್ತೆ ಕೂಗಿದೆ. ಅಂದರೆ ಏನು ಅಂದರು. ದೆವ್ವ ಅಂತ ಕನ್ನಡದಲ್ಲಿ ಕೂಗಿದೆ. ಆಂಟಿಗೆ ಒಂದು ಅಭ್ಯಾಸವಿತ್ತು. ಫೋನಿನಲ್ಲಿ ಕೇಳಿಸಿದ್ದನ್ನು ಸರಿಯಾಗಿ ಕೇಳಿಸಿತಾ ಅಂತ ಜೋರಾಗಿ ತಿರುಗಿ ಹೇಳುತ್ತಿದ್ದರು. ಆಫೀಸಿನ ತುಂಬಾ ಜನ ಇದ್ದರು. ಅವರಿಗೆ ಕೇಳಿಸಿದ್ದು ಮಾತುಕತೆಯಲ್ಲಿ ಆಂಟಿಯ ಅರ್ಧ ಮಾತ್ರ.

"ವಿಜಯನಗರದ ಛತ್ರದಲ್ಲಿ ದೆವ್ವ ಇದೆಯಾ? ಮೊದಲ ಸಲ ನೋಡಿದಾಗ ಇರಲ್ಲ, ತಿರುಗಿ ನೋಡಿದ್ರೆ ಇರುತ್ತಾ? ಒಬ್ಬರೇ ಇದ್ರೆ ಬರಲ್ಲ, ಜನ ಸೇರಿದಾಗಲೇ ಬರುತ್ತಾ? ಹಾಗಾದ್ರೆ ಪೂರ್ತಿ ಬೀಗ ಹಾಕೋದೊಂದೇ ದಾರಿನಾ?"

ನಾನು ಹೇಳಿದ್ದು ಮಷೀನು ಸಾಲುಗಳಿಗೆ ಹಾಕುವ ಬೀಗದ ವಿಷಯ. ಕ್ಯೂ ಖಾಲಿಯಾಯಿತು ಅಂತ ಆಂಟಿ ಆಮೇಲೆ ಹೇಳಿದರು.

ಆ ಕ್ಯೂನಲ್ಲಿ ಬಾಪೂಜಿ ನಗರದವರೊಬ್ಬರು ಇದ್ದರು. ಅವರ ಪಕ್ಕದ ಮನೆ ಹುಡುಗನ ಮದುವೆ ಅದೇ ವಾರ, ಅದೇ ವಿಜಯನಗರದ ಛತ್ರದಲ್ಲಿ. ಮಾರನೇ ದಿನ ಹುಡುಗಿಯ ಅಪ್ಪ ನಮ್ಮ ಮಹಡಿ ಹತ್ತಿ ಬಂದರು. ಗೋವಿಂದರಾಜನಗರದಲ್ಲಿ ನಮ್ಮ ಮನೆಗೆ ಎರಡು ಬೀದಿ ಆಚೆ ಅವರ ಬಳೆ ಅಂಗಡಿ. ನಾನು ಬಳೆ ತೊಟ್ಟದ್ದೂ ಅಲ್ಲೇ. ಅವರು ಗಲಾಟೆ ಮಾಡಲಿಲ್ಲ. ಗಂಡಿನ ಮನೆಯವರು ಬೇರೆ ಛತ್ರ ಮಾಡಿ, ಇಲ್ಲದಿದ್ದರೆ ಮುಂದಿನ ಸೀಸನ್ನಿಗೆ ನೋಡೋಣ ಅಂದಿದ್ದಾರೆ, ಊರಲ್ಲೆಲ್ಲೂ ಛತ್ರ ಖಾಲಿ ಇಲ್ಲ, ಲಗ್ನಪತ್ರಿಕೆ ಹಂಚಿ ಆಗಿದೆ ಅಂತ ನೆಲ ನೋಡಿಕೊಂಡು ಹೇಳಿದರು. ಆಮೇಲೆ ನನ್ನ ಕಡೆ ನೋಡಿ, ನೀನೇನಾದ್ರೂ ಕಣ್ಣಾರೆ ಕಂಡಿದೀಯೇನಮ್ಮ ಅಂತ ಕೇಳಿದರು. ನನಗೆ ಅಳು ಬಂತು.

ಬಾಸು ಒಂದೇ ಮಾತು ಹೇಳಿದರು. ಮಾತು ಬಂದಿದ್ದು ನಿನ್ನ ಬಾಯಿಂದ, ನೀನೇ ಹೋಗಿ ವಾಪಸ್ ತಗೊಂಡು ಬಾ.

ಬಳೆ ಅಂಗಡಿಯವರು, ಆಂಟಿ, ನಾನು ಬಾಪೂಜಿ ನಗರಕ್ಕೆ ಹೋದೆವು. ಆಂಟಿ ದಾರಿಯುದ್ದಕ್ಕೂ ತಾವು ಏನೂ ಮಾಡಿಲ್ಲ, ನಾನು ಹೇಳಿದ್ದನ್ನೇ ಹೇಳಿದ್ದು ಅಂತ ಹೇಳಿಕೊಂಡೇ ಬಂದರು. ಆ ಮನೆಯಲ್ಲಿ ತೀರ್ಮಾನ ಮಾಡುವವರು ಹುಡುಗನ ಅಜ್ಜಿ. ಅವರು ಗೋಡೆಗೊರಗಿ ಕೂತು ನನ್ನನ್ನು ಎದುರಿಗೆ ಕೂರಿಸಿಕೊಂಡರು. ಸುತ್ತ ಮನೆಯವರೆಲ್ಲ ನಿಂತರು. ನಾನು ಟೇಬಲ್ಲು, ಸಾಲು, ಟ್ರಾನ್ಸಾಕ್ಷನ್ನು ಅಂತ ಶುರುಮಾಡಿದೆ. ಹೇಳಿದಷ್ಟೂ ಅಲ್ಲಿ ನಿಂತಿದ್ದವರ ಮುಖದಲ್ಲಿ ಭಯ ಜಾಸ್ತಿಯಾಗುತ್ತಿತ್ತು. ಅಜ್ಜಿ ಕೈ ಎತ್ತಿ ನಿಲ್ಲಿಸಿದರು.

"ನೀನು ಎಣಿಸಿ ಮುಗಿಸೋದ್ರೊಳಗೆ ಇನ್ನೊಬ್ರು ಬಂದು ಸೇರ್ಕೊಂಡ್ರು. ಅಷ್ಟೇ ತಾನೆ?"

"ಅಷ್ಟೇ ಅಜ್ಜಿ."

"ಇದಕ್ಕೆ ದೆವ್ವ ಅಂತ ಹೆಸರಿಟ್ಟೋರು ಯಾರು?"

"ಅಮೆರಿಕಾದವರು ಅಜ್ಜಿ."

"ಪಾಪ, ಮದುವೆ ಊಟ ಹಾಕಿ ಅಭ್ಯಾಸವಿಲ್ಲ ಅವರಿಗೆ," ಅಂದರು ಅಜ್ಜಿ.

ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಮದುವೆ ಅದೇ ಛತ್ರದಲ್ಲಿ ಅಂತ ನಿಶ್ಚಯವಾಯಿತು. ಆದರೆ ನಾವು ಎದ್ದಾಗ ಅಜ್ಜಿ ನನ್ನ ಕೈ ಹಿಡಿದು, ನನಗೆ ಇನ್ನೂ ಸ್ವಲ್ಪ ಅನುಮಾನ ಇದೆ, ನೀನು ಮದುವೆಗೆ ಬಂದು ಮೊದಲನೇ ಪಂಕ್ತಿಯಲ್ಲೇ ಕೂತ್ಕೋಬೇಕು ಅಂದರು. ಏನಾದರೂ ಇದ್ದರೆ ಮೊದಲು ನನ್ನನ್ನೇ ಹಿಡಿದುಕೊಳ್ಳಲಿ ಅಂತ.

ಹೋದೆ. ಧಾರೆ ಸಾಂಗವಾಗಿ ಆಯಿತು. ಆದರೂ ಮೇಲಿನ ಫ್ಯಾನು ಕಿರ್ ಅಂದರೆ ಸಾಕು, ಗಂಡಿನ ಕಡೆಯವರು ಮೇಲೆ ನೋಡುತ್ತಿದ್ದರು, ಆಮೇಲೆ ನನ್ನನ್ನು ನೋಡುತ್ತಿದ್ದರು. ಊಟದ ಮನೆಯಲ್ಲಿ ಮೊದಲನೇ ಪಂಕ್ತಿ ಪೂರ್ತಿ ಗಂಡಿನ ಕಡೆಯವರಿಗೆ ಮೀಸಲು. ಅವರ ಜೊತೆ ನನ್ನನ್ನೂ ಕೂರಿಸಿದರು. ಅಜ್ಜಿ ಎಲ್ಲರನ್ನೂ ಲೆಕ್ಕ ಹಾಕಿ ಅಡುಗೆಯವರಿಗೆ ಹೇಳಿ ಕಳಿಸಿದ್ದರು. ಬಡಿಸುವವನು ಪಲ್ಯದ ಪಾತ್ರೆ ಹಿಡಿದುಕೊಂಡು ಆ ತುದಿಯಿಂದ ಈ ತುದಿಗೆ ಬಂದು ನಿಂತ.

ಒಂದು ಎಲೆ ಜಾಸ್ತಿ ಇದೆ ಅಂದ.

ಒಬ್ಬ ಹೆಂಗಸು ಮಗುವನ್ನು ತೊಡೆ ಮೇಲೆ ಎಳೆದುಕೊಂಡರು. ನನ್ನ ಎಡಗಡೆಯವರು ಸದ್ದಿಲ್ಲದೆ ಎಲೆ ಸಮೇತ ಒಂದು ಗೇಣು ಆಚೆ ಸರಿದರು. ನಾನು ಮನಸ್ಸಿನಲ್ಲೇ ಆಗಲೇ ರಾಜೀನಾಮೆ ಬರೆಯತೊಡಗಿದ್ದೆ. ಅಜ್ಜಿ ಮಾತ್ರ ಸೆರಗು ಸಿಕ್ಕಿಸಿಕೊಂಡು ಎದ್ದರು. ಈ ತುದಿಯಿಂದ ಒಬ್ಬೊಬ್ಬರ ಮುಂದೆಯೂ ನಿಂತು, ಮುಖ ನೋಡಿ, ಯಾರ ಕಡೆಯವರು ಅಂತ ಕೇಳುತ್ತಾ ಹೊರಟರು. ಹುಡುಗನ ಚಿಕ್ಕಪ್ಪ, ಅತ್ತೆ, ಅತ್ತೆಯ ಮೈದುನ, ಎಲ್ಲರೂ ಸರಿಹೋದರು. ಕೊನೆಯ ಎಲೆಯ ಮುಂದೆ ರೇಷ್ಮೆ ಪಂಚೆ ಉಟ್ಟು, ತಲೆ ತಗ್ಗಿಸಿ ಕೂತಿದ್ದವರ ಹತ್ತಿರ ಅಜ್ಜಿ ನಿಂತರು. ಅವರು ತಲೆಯೆತ್ತಿದಾಗ ನನಗೆ ಗುರುತು ಸಿಕ್ಕಿತು. ನಮ್ಮ ಯಜಮಾನರು.

ಛತ್ರದ ಓನರ್ರು ನಾನು, ದೆವ್ವಗಿವ್ವ ಏನೂ ಇಲ್ಲ ಅಂತ ನೋಡಿಕೊಂಡು ಹೋಗೋಣ ಅಂತ ಬಂದೆ, ಯಾರೋ ಕೈ ಹಿಡಿದು ಎಲೆ ಮುಂದೆ ಕೂರಿಸಿಬಿಟ್ಟರು ಅಂತ ಅವರು ಮೆಲ್ಲಗೆ ಹೇಳಿದರು.

ಅಜ್ಜಿ ಅಲ್ಲಿಂದಲೇ ನನ್ನ ಕಡೆ ತಿರುಗಿದರು.

"ಸಿಕ್ತು ನೋಡಮ್ಮ ನಿನ್ನ ದೆವ್ವ," ಅಂದರು. ಆಮೇಲೆ ಬಡಿಸುವವನಿಗೆ, "ಇದಕ್ಕೆ ಎರಡು ಹೋಳಿಗೆ ಜಾಸ್ತಿ ಹಾಕಪ್ಪ, ಸಮಾಧಾನವಾಗಿ ಹೋಗಲಿ," ಅಂದರು.